ಮೀಸೋಥೀಲಿಯೋಮಾ: ಸಿಮೆಂಟ್ ಶೀಟಿನ ಕೆಳಗೆ ಮಲಗಿದರೆ ಕ್ಯಾನ್ಸರ್ ಬರುತ್ತದೆಯೇ?

ಶ್ವಾಸಕೋಶ, ಹೃದಯ, ಹೊಟ್ಟೆಯ ಅಂಗಗಳನ್ನು ಸುತ್ತಿರುವ ತೆಳುಪೊರೆಗೆ ಮೀಸೋಥೀಲಿಯಂ ಎನ್ನುತ್ತಾರೆ. ‘ಓಮಾ’ ಎಂದರೆ ಗಡ್ಡೆ. ಈ ಪೊರೆಯಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರೇ ಮೀಸೋಥೀಲಿಯೋಮಾ. ಇದು ಮತ್ತು ಶ್ವಾಸಕೋಶದ ಕ್ಯಾನ್ಸರ್ ಬೇರೆ ಬೇರೆ.

ಮುಖ್ಯ ಕಾರಣ ಆಸ್ಬೆಸ್ಟಾಸ್ ನಾರು. ಅದು ಉಸಿರಿನೊಂದಿಗೆ ಒಳಹೊಕ್ಕರೆ ರೋಗ ಕಾಣಿಸಲು 20ರಿಂದ 50 ವರ್ಷ ಹಿಡಿಯಬಹುದು.

ಕೊಕಟನೂರದಂಥ ಊರುಗಳಲ್ಲಿ ಮನೆ, ಕೊಟ್ಟಿಗೆಗೆ ಹೊದಿಸುವ ಹಲವು ಸಿಮೆಂಟ್ ಶೀಟುಗಳಲ್ಲಿ ಈ ನಾರು ಇರುತ್ತದೆ. ಗಟ್ಟಿಯಾಗಿರುವ ಶೀಟಿನಿಂದ ನಾರು ಹೊರಬೀಳುವುದು ತೀರಾ ಕಡಿಮೆ; ಕೆಳಗೆ ಮಲಗಿದ ಮಾತ್ರಕ್ಕೆ ಗಾಬರಿ ಬೇಡ. ಅಪಾಯವಿರುವುದು ಅದನ್ನು ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಏಳುವ ಧೂಳಿನಲ್ಲಿ. ಒಡೆದ ಶೀಟನ್ನು ನೀರು ಚಿಮುಕಿಸಿಯೇ ತೆಗೆಯಿರಿ, ಒಣ ಧೂಳು ಗುಡಿಸಬೇಡಿ, ಮಕ್ಕಳನ್ನು ದೂರವಿಡಿ. ಮುಖಕ್ಕೆ ಕಟ್ಟಿದ ಟವೆಲ್ ಈ ನಾರನ್ನು ತಡೆಯದು.

ಹಿಂದೆ ಶೀಟು ಕೆಲಸ ಮಾಡಿದವರಿಗೆ ಈಗ ಎದೆನೋವು, ಏದುಸಿರು ಇದ್ದರೆ ಆ ಕೆಲಸದ ವಿಷಯವನ್ನೂ ವೈದ್ಯರಿಗೆ ತಿಳಿಸಿ.