ಗಾಳಿಯ ಲೆಕ್ಕದಲ್ಲಿ ಮಲೆನಾಡೂ ಇರಲಿ

ಮಕ್ಕಳ ಮನೆಗೆಂದು ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ಗೆ ಹೋಗಿಬರುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿನ ವೀರಾಂಜನೇಯ ಸ್ವಾಮಿಯ ಗುಡ್ಡದ ಮೇಲೆ ಸಂಜೆ ಹೊತ್ತು ನಿಂತವರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರಬೇಕು. ಗಾಳಿ ಒಂದು ಕಡೆಯಿಂದ ಬೀಸಿದರೆ ಊದುಬತ್ತಿಯ ಪರಿಮಳ, ಮಗ್ಗುಲು ಬದಲಿಸಿದರೆ ಮೋರಿಯ ನಾತ. ಮೋರಿ ಕಣ್ಣಿಗೆ ಬೀಳದಿದ್ದರೂ ಅದು ಯಾವ ದಿಕ್ಕಿಗಿದೆಯೆಂದು ಮೂಗು ಹೇಳಿಬಿಡುತ್ತದೆ. ಮೀಥೇನ್ ಅನಿಲಕ್ಕೆ ವಾಸನೆಯಿಲ್ಲ, ಆದ್ದರಿಂದ ಮೂಗಿನ ಬದಲು ಉಪಕರಣ ಬೇಕು. ಉಳಿದಂತೆ ಕ್ರಮ ಇದೇ. ಗಾಳಿಯಲ್ಲಿ ಅನಿಲ ಎಷ್ಟಿದೆ, ಆ ಗಾಳಿ ಯಾವ ದಾರಿಯಲ್ಲಿ ಬಂತು ಎಂಬ ಎರಡನ್ನು ಹಿಡಿದು, ಯಾವ ಪ್ರದೇಶದಿಂದ ಎಷ್ಟು ಹೊರಟಿರಬೇಕೆಂದು ಹಿಂದಕ್ಕೆ ಎಣಿಸುವುದು. ವಿಜ್ಞಾನಿಗಳು ಇದಕ್ಕೆ ವಿಲೋಮ ಮಾದರಿ ಎಂದು ಹೆಸರಿಟ್ಟಿದ್ದಾರೆ.

ತೋಟದವರಿಗೆ ಇದರಿಂದೇನು ಎಂದು ಕೇಳಬಹುದು. ದನ ಮೆಲುಕು ಹಾಕುವಾಗ, ಗದ್ದೆಯಲ್ಲಿ ನೀರು ನಿಂತಾಗ, ಗೊಬ್ಬರದ ಗುಂಡಿಯಲ್ಲಿ, ಪಲ್ಪರ್ ನೀರು ಕೊಳೆಯುವ ಹೊಂಡದಲ್ಲಿ ಹುಟ್ಟುವುದು ಈ ಅನಿಲವೇ. ಇಪ್ಪತ್ತು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ, ತೂಕಕ್ಕೆ ತೂಕ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಇಂಗಾಲದ ಡೈ ಆಕ್ಸೈಡ್‌ಗಿಂತ ಎಂಬತ್ತು ಪಟ್ಟು ಜೋರು. ಆದ್ದರಿಂದ ಯಾರು ಎಷ್ಟು ಬಿಟ್ಟರೆಂಬ ಖಾತೆ ಬರೆಯುವವರ ಪುಸ್ತಕದಲ್ಲಿ ನಮ್ಮ ಕೊಟ್ಟಿಗೆಯೂ ಗದ್ದೆಯೂ ಇದ್ದೇ ಇವೆ.

ಆ ಖಾತೆ ಎಷ್ಟು ತಪ್ಪಬಹುದೆಂಬುದಕ್ಕೆ ಒಂದು ನಿದರ್ಶನ ಸಾಕು. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ ಭಾರತದ ಭತ್ತದ ಗದ್ದೆಗಳ ಹೆಸರಿಗೆ ವರ್ಷಕ್ಕೆ 378 ಲಕ್ಷ ಟನ್ ಮೀಥೇನ್ ಬರೆಯಲಾಗಿತ್ತು. ಬೇರೆ ದೇಶದ ಗದ್ದೆಗಳ ಅಳತೆಯನ್ನು ನಮ್ಮ ಗದ್ದೆಗಳಿಗೆ ಹೊಂದಿಸಿದ ಫಲ ಅದು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡಾ. ಎ. ಪಿ. ಮಿತ್ರ ಅವರ ಮುಂದಾಳ್ತನದಲ್ಲಿ ವಿಜ್ಞಾನಿಗಳು ಗದ್ದೆಗಿಳಿದು, ಪೈರಿನ ಮೇಲೆ ಪೆಟ್ಟಿಗೆ ಮುಚ್ಚಿ ಅಳೆದರು. ಸಿಕ್ಕಿದ್ದು ಸುಮಾರು 40 ಲಕ್ಷ ಟನ್! ಅಳೆಯದೆ ಸುಮ್ಮನಿದ್ದಿದ್ದರೆ ಒಂಬತ್ತು ಪಟ್ಟು ಹೊರೆಯನ್ನು ಭತ್ತ ಬೆಳೆಯುವವನು ಹೊತ್ತುಕೊಂಡೇ ಇರಬೇಕಾಗುತ್ತಿತ್ತು.

ಗದ್ದೆ ಗದ್ದೆಗೂ ಪೆಟ್ಟಿಗೆ ಇಡಲಾಗದು. ಅದಕ್ಕಾಗಿಯೇ ಗಾಳಿಯ ಸಾಕ್ಷ್ಯ. 2017ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಅನಿತಾ ಗಣೇಶನ್ ಮತ್ತು ಸಂಗಡಿಗರು ನೆಲದ ಕೇಂದ್ರಗಳು, ವಿಮಾನ, ಹಾಗೂ 2009ರಲ್ಲಿ ಹಾರಿದ ಜಪಾನಿನ ಗೋಸ್ಯಾಟ್ ಉಪಗ್ರಹದ ಅಳತೆಗಳನ್ನು ಸೇರಿಸಿ ಹಿಮ್ಮುಖ ಲೆಕ್ಕ ಮಾಡಿದರು. 2010ರಿಂದ 2015ರವರೆಗೆ ಇಡೀ ದೇಶದ ಮೀಥೇನ್ ವರ್ಷಕ್ಕೆ ಸರಾಸರಿ 220 ಲಕ್ಷ ಟನ್, ಹೇಳಿಕೊಳ್ಳುವಂಥ ಏರಿಕೆಯಿಲ್ಲ, ನಮ್ಮ ಸರ್ಕಾರ ವಿಶ್ವಸಂಸ್ಥೆಗೆ ಸಲ್ಲಿಸಿದ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುತ್ತದೆ ಎಂದರು. ಹಿಂದೆ ಭತ್ತವೊಂದರ ತಲೆಗೆ ಕಟ್ಟಿದ್ದು, ದನಕರು, ಕಲ್ಲಿದ್ದಲು, ನಗರದ ಕಸ ಎಲ್ಲವೂ ಸೇರಿದ ಈ ಮೊತ್ತಕ್ಕಿಂತ ಹೆಚ್ಚೆಂಬುದನ್ನು ಓದುಗರು ಗಮನಿಸಬೇಕು.

ಆದರೆ ಈ ವಿಧಾನಕ್ಕೂ ಒಂದು ದೌರ್ಬಲ್ಯವಿದೆ, ನಮ್ಮ ಮಾತಿರುವುದು ಅಲ್ಲಿಯೇ. ಕಾಫಿ ಬೋರ್ಡಿನವರು ಹೂವಾದ ಮೇಲೆ ಒಂದು ಅಂದಾಜು ಕೊಟ್ಟು, ಮಳೆ ಮುಗಿದ ಮೇಲೆ ಅದನ್ನು ತಿದ್ದುತ್ತಾರಷ್ಟೆ. ಇಲ್ಲಿಯೂ ಮೊದಲೊಂದು ಅಂದಾಜು ಇಟ್ಟುಕೊಂಡು ಗಾಳಿಯ ಅಳತೆಯಿಂದ ತಿದ್ದುವುದು. ಅಳತೆಯೇ ಇಲ್ಲದ ಕಡೆ ತಿದ್ದುವುದು ಯಾವುದರಿಂದ? ಇಟ್ಟುಕೊಂಡ ಅಂದಾಜೇ ಉತ್ತರವಾಗಿ ವಾಪಸು ಬರುತ್ತದೆ. ಬೆಂಗಳೂರಿನ ಸಿ-ಮ್ಯಾಕ್ಸ್ ಸಂಸ್ಥೆಯವರು (ಅದರ ಈಗಿನ ಹೆಸರು ಫೋರ್ತ್ ಪ್ಯಾರಡೈಮ್ ಇನ್‌ಸ್ಟಿಟ್ಯೂಟ್) ಫ್ರೆಂಚ್ ವಿಜ್ಞಾನಿಗಳ ಜೊತೆಗೂಡಿ ಲಡಾಖಿನ ಹಾನ್ಲೆ, ಪಾಂಡಿಚೇರಿ, ಪೋರ್ಟ್ ಬ್ಲೇರ್‌ಗಳಲ್ಲಿ ಸೀಸೆಗಳಲ್ಲಿ ಗಾಳಿ ಹಿಡಿದು ಪರೀಕ್ಷಿಸಿದ್ದಾರೆ. ಗೋವೆಯ ಕೇಪ್ ರಾಮಾದಲ್ಲಿ ಈ ಕೆಲಸ 1990ರ ದಶಕದಲ್ಲೇ ಆರಂಭವಾಗಿತ್ತು. ಈ ಪಟ್ಟಿಯಲ್ಲಿ ಚಿಕ್ಕಮಗಳೂರಿಲ್ಲ, ಮಡಿಕೇರಿಯಿಲ್ಲ, ಶಿರಸಿಯೂ ಇಲ್ಲ. ಉಪಗ್ರಹವಿದೆಯಲ್ಲ ಎನ್ನೋಣವೆಂದರೆ, ಅದು ಮೋಡದೊಳಗೆ ನೋಡಲಾರದು. ಮಲೆನಾಡಿನ ಗದ್ದೆಯಲ್ಲಿ ನೀರು ನಿಲ್ಲುವುದು ಯಾವಾಗ? ಆಷಾಢ, ಶ್ರಾವಣದ ಮೋಡ ಕವಿದಾಗಲೇ.

ಅಳತೆಯ ಹಿಂದೆಯೇ ತೆರಿಗೆ ಬರುತ್ತದೆಂದು ಅಂಜುವವರಿದ್ದಾರೆ. ಅವರ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಈ ಲೆಕ್ಕ ಒಂದು ಸೀಮೆಯದು, ಎರಡೆಕರೆ ತೋಟದವನನ್ನು ಹೆಸರು ಹಿಡಿದು ಕರೆಯಲಾರದು. ಅಳೆಯದಿದ್ದರೆ ಮಲೆನಾಡು ಗಿಡ್ಡ ತಳಿಯ ಹಸುವಿಗೂ ಕೊಬ್ಬಿದ ಸೀಮೆ ಹಸುವಿಗೂ ಒಂದೇ ದರ ಕಟ್ಟುವ ಅಪಾಯವಿದೆ. ಗದ್ದೆಗಳು ಅಡಿಕೆ ತೋಟಗಳಾಗಿ ನೀರು ನಿಲ್ಲುವುದು ತಪ್ಪಿದ್ದೂ ಯಾರ ಪುಸ್ತಕಕ್ಕೂ ಏರದೆ ಉಳಿಯಬಹುದು. (ಗದ್ದೆ ಹೋದದ್ದು ಒಳಿತೆಂದು ನಾವು ಹೇಳುತ್ತಿಲ್ಲ, ಅದು ಬೇರೆಯೇ ಚರ್ಚೆ.) ಪಲ್ಪರ್ ಹೊಂಡದ ಮಟ್ಟಿಗೆ ನಮ್ಮದೇ ತಪ್ಪಿರುವುದನ್ನು ಮುಚ್ಚಿಡುವುದೂ ಸಲ್ಲ.

ಮುಂಗಾರಿನಲ್ಲಿ ಗಾಳಿ ಸಮುದ್ರದಿಂದ ಶುದ್ಧವಾಗಿ ಬಂದು ಘಟ್ಟ ಹತ್ತುತ್ತದೆ. ಘಟ್ಟದ ನೆತ್ತಿಯಲ್ಲೊಂದು, ಮೂಡಲಲ್ಲಿ ಹಾಸನದ ಕಡೆ ಇನ್ನೊಂದು ಕೇಂದ್ರವಿಟ್ಟರೆ ಎರಡರ ವ್ಯತ್ಯಾಸವೇ ನಡುವಿನ ನಾಡಿನ ಕೊಡುಗೆ. ಇದಕ್ಕಾಗಿ ಕಾಫಿ ಬೋರ್ಡಿಗೂ ಸರ್ಕಾರಕ್ಕೂ ಮನವಿ ಸಲ್ಲಿಸುವ ಠರಾವನ್ನು ಬರುವ ಮಹಾಸಭೆಯಲ್ಲಿ ಮಂಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಅಷ್ಟರೊಳಗೆ ಸದಸ್ಯರು ತಮ್ಮ ದನಗಳ ಸಂಖ್ಯೆ ಮತ್ತು ತಳಿ, ಗದ್ದೆಗೆ ನೀರು ಕಟ್ಟಿದ ಮತ್ತು ಬಿಟ್ಟ ದಿನ, ಪಲ್ಪರ್ ಹೊಂಡ ತುಂಬಿದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಮೊದಲ ಅಂದಾಜಾದರೂ ನಮ್ಮ ಕೈಬರಹದ್ದಾಗಿರಲಿ.