ಗಾಯಗೊಂಡ ನಾಯಿಗೆ ನಿಲ್ಲುವವರಾರು?

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಂಥ ಊರಿನ ರಸ್ತೆಯಲ್ಲಿ ನಾಯಿಯೊಂದಕ್ಕೆ ವಾಹನ ಡಿಕ್ಕಿ ಹೊಡೆದರೆ ಚಾಲಕ ನಿಲ್ಲಲೇಬೇಕೆ? ಗಾಯಾಳುವಿಗೆ ಚಿಕಿತ್ಸೆ ಕೊಡಿಸುವ ಹೊಣೆಯನ್ನು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಚಾಲಕನಿಗೆ ವಹಿಸಿದೆ. ಆದರೆ ಆ ಗಾಯಾಳು ಮನುಷ್ಯನಾಗಿರಬೇಕು. ಬೆಂಗಳೂರಿನಲ್ಲಿ 2018ರಲ್ಲಿ ಕಾರಿಗೆ ಸಿಕ್ಕಿ ಸತ್ತ ಸಾಕುನಾಯಿಯ ಪ್ರಕರಣವನ್ನು 2022ರಲ್ಲಿ ರದ್ದುಪಡಿಸುವಾಗ ಹೈಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಒಡೆಯನಿದ್ದ ನಾಯಿಯ ಪಾಡೇ ಹೀಗಾದರೆ, ಬೀದಿಗೆ ಬಿಟ್ಟ ನಾಯಿಯ ಪರವಾಗಿ ದೂರು ಕೊಡುವವರಾದರೂ ಯಾರು?

ಸಾಕಿದ ಪ್ರಾಣಿಯನ್ನು ಹಸಿವಿಗೆ ದೂಡಿ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೇನೋ ಹೌದು. ಮೊದಲ ತಪ್ಪಿಗೆ ದಂಡ ಮಾತ್ರ 10ರಿಂದ 50 ರೂಪಾಯಿ!

ಹೀಗಾಗಿ ನಿಲ್ಲುವವನು ಸ್ವಂತ ಕರುಣೆಯಿಂದಲೇ ನಿಲ್ಲಬೇಕು. ಪಶುಪಾಲನಾ ಇಲಾಖೆಯ 1962 ಸಹಾಯವಾಣಿ ಇದೆ, ನಿಜ. ಆದರೆ ಅದರ ಸಂಚಾರಿ ಚಿಕಿತ್ಸಾ ವಾಹನಗಳನ್ನು ಮುಖ್ಯವಾಗಿ ರೂಪಿಸಿರುವುದು ರೈತರ ಮನೆಬಾಗಿಲಿನ ಹಸು, ಎಮ್ಮೆ, ಕುರಿಗಳಿಗಾಗಿ. ಸಮೀಪದ ಬೆಂಗಳೂರು–ಮೈಸೂರು ಹೆದ್ದಾರಿಯ ಪಥದಲ್ಲಿ ಕಾರು ನಿಲ್ಲಿಸುವುದು ಮತ್ತೊಂದು ಅಪಘಾತಕ್ಕೆ ಆಹ್ವಾನ. ಅಲ್ಲಿ ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಕರೆ ಮಾಡುವುದೇ ಸರಿ. ಹಳ್ಳಿಯ ರಸ್ತೆಯಲ್ಲಾದರೆ ಗೋಣಿಚೀಲದ ಮೇಲೆ ಮಲಗಿಸಿ ಪಶು ಆಸ್ಪತ್ರೆಗೆ ಒಯ್ಯಬಹುದು. ನೋವಿನಲ್ಲಿರುವ ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ನೀರಿನಲ್ಲಿ ತೊಳೆದು, ತಡಮಾಡದೆ ರೇಬಿಸ್ ಲಸಿಕೆ ಪಡೆಯಬೇಕು.