ಓದು ಬರಹದ ಬೇಸಾಯ

ನವಲಗುಂದ ತಾಲ್ಲೂಕಿನ ಮೊರಬ ಎರೆನೆಲದ ಊರು. ಇಲ್ಲಿಯ ರೈತನು ಹಿಂಗಾರಿಯ ಬಿಳಿಜೋಳವನ್ನಾಗಲಿ ಕಡಲೆಯನ್ನಾಗಲಿ ಬಿತ್ತುವ ಮೊದಲು ಹೊಲವನ್ನು ಹಲವು ಸಲ ಹರಗುತ್ತಾನೆ. ಬಿದ್ದ ಮಳೆ ನೆಲದೊಳಗೆ ಇಳಿಯಬೇಕು, ಕಳೆ ಸಾಯಬೇಕು, ಒಳಗಿನ ಹಸಿ ಆರದೆ ಉಳಿಯಬೇಕು. ಅದಕ್ಕಾಗಿ ಈ ದುಡಿಮೆ. ದಾರಿಹೋಕನ ಕಣ್ಣಿಗೆ ಆಗ ಕಾಣುವುದು ಬರಿಯ ಕಪ್ಪು ನೆಲ. ಆದರೆ ಮಳೆ ನಿಂತುಹೋದ ಮೇಲೆ ಪೈರನ್ನು ಕಾಯುವುದು ಆ ಹಸಿಯೇ. ಓದು ಬರಹಗಳ ವಿಷಯದಲ್ಲಿಯೂ ನಿಯಮ ಬೇರೆಯಲ್ಲ.

ಬರೆಯುವ ಶಕ್ತಿ ಹುಟ್ಟಿನಿಂದಲೇ ಬರತಕ್ಕದ್ದು, ಅಭ್ಯಾಸದಿಂದ ಅದು ಲಭಿಸದು ಎಂಬ ನಂಬಿಕೆ ಬಹು ಜನರಲ್ಲಿದೆ. ಇದರಿಂದ ಆಗುವ ಹಾನಿ ಅಲ್ಪವಲ್ಲ. ವಿದ್ಯಾರ್ಥಿಯು ಯಾರೋ ಬರೆದ ಪ್ರಬಂಧವನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ, ಮರುದಿನವೇ ಮರೆಯುತ್ತಾನೆ. ಹಳ್ಳಿಯ ಮಕ್ಕಳಂತೂ ಬರವಣಿಗೆ ತಮ್ಮ ಪಾಲಿನದಲ್ಲವೆಂದು ಕೈಬಿಡುತ್ತಾರೆ. ಅವರು ಮಾತ್ರ ಬಲ್ಲ ಹೊಲದ, ಮನೆಯ, ಮಳೆಬೆಳೆಯ ಸಂಗತಿಗಳು ಹೀಗೆ ಬರಹಕ್ಕೆ ಇಳಿಯದೆಯೇ ಅಳಿದುಹೋಗುತ್ತವೆ.

ಈ ನಂಬಿಕೆ ನಿಜವೇ ಎಂದು ತಿಳಿಯಲು ಮೊರಬದಿಂದ ಬಹುದೂರ ಹೋಗಬೇಕಾಗಿಲ್ಲ. ಮೊದಲು ನವಲಗುಂದ ತಾಲ್ಲೂಕಿಗೇ ಸೇರಿದ್ದ ಅಣ್ಣಿಗೇರಿಯು ಆದಿಕವಿ ಪಂಪನ ತಾಯಿಯ ಕಡೆಯ ಊರು. ಅವನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಪಂಪನ ತಮ್ಮ ಜಿನವಲ್ಲಭನ ಕುರಿಕ್ಯಾಲ ಶಾಸನ ಹೇಳುತ್ತದೆ. ಪಂಪನು ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿಯೂ ರಚಿಸಿದನು. ಇದನ್ನು ಕೇಳಿದವರು ಪ್ರತಿಭೆಯ ವೇಗಕ್ಕೆ ಬೆರಗಾಗುವರು. ಆದರೆ 902ರಲ್ಲಿ ಹುಟ್ಟಿದ ಕವಿ ಆದಿಪುರಾಣವನ್ನು ಮುಗಿಸಿದ್ದು 941ರಲ್ಲಿ. ಕಾವ್ಯಕ್ಕೆ ಹಿಡಿದುದು ಮೂರು ತಿಂಗಳಾದರೆ, ಅದರ ಹಿಂದೆ ಸುಮಾರು ಮೂವತ್ತೊಂಬತ್ತು ವರ್ಷಗಳ ಬಾಳು ಇದ್ದಿತು. ಜಿನಾಗಮವನ್ನೂ ವ್ಯಾಸಭಾರತವನ್ನೂ ಅರಗಿಸಿಕೊಂಡವನಿಗಲ್ಲದೆ ಆ ಎರಡು ಕಾವ್ಯಗಳು ಸಾಧ್ಯವಿರಲಿಲ್ಲ. ಬಿತ್ತನೆ ಬೇಗ ಮುಗಿದುದು ಹೊಲ ಹದವಾಗಿದ್ದುದರಿಂದ.

ಇದಕ್ಕೊಂದು ಆಕ್ಷೇಪ ಬರಬಹುದು. ಇದೇ ಜಿಲ್ಲೆಯ ಕೋಳಿವಾಡದವನೆಂದು ಪ್ರಸಿದ್ಧನಾದ ಕುಮಾರವ್ಯಾಸನು, ತಾನು ಹಲಗೆ ಬಳಪಗಳನ್ನು ಹಿಡಿಯುವವನಲ್ಲ, ಇಟ್ಟ ಪದವನ್ನು ಅಳಿಸುವವನಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಹಾಗಾದರೆ ಅಭ್ಯಾಸವೇಕೆ? ಹಲಗೆ ಬೇಡವಾದುದು ಮಹಾಭಾರತದ ಕಥೆಯೂ ಷಟ್ಪದಿಯ ನಡೆಯೂ ಮನಸ್ಸಿನಲ್ಲಿ ಅಚ್ಚೊತ್ತಿದ್ದವನಿಗೆ ಎಂಬುದನ್ನು ಮರೆಯಬಾರದು. ಕಲಿಯುವವನು ಆ ಹೆಮ್ಮೆಯನ್ನು ಎರವಲು ತಂದರೆ ಹಲಗೆಯೂ ಹೋಗುತ್ತದೆ, ಕಾವ್ಯವೂ ಬರುವುದಿಲ್ಲ.

ಅಭ್ಯಾಸವೆಂದರೆ ಹೇಗೆ? ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1706ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವನು. ಹತ್ತನೆಯ ವಯಸ್ಸಿಗೆ ಅವನ ಶಾಲೆ ಮುಗಿಯಿತು. ಮುಂದೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದನು. ಮೆಚ್ಚಿದ ಪ್ರಬಂಧವನ್ನು ಓದಿ, ಪ್ರತಿ ವಾಕ್ಯದ ಭಾವವನ್ನು ಚುಟುಕಾಗಿ ಗುರುತಿಸಿಕೊಳ್ಳುವನು. ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ, ಆ ಗುರುತುಗಳಿಂದ ಪ್ರಬಂಧವನ್ನು ತನ್ನ ಮಾತಿನಲ್ಲಿ ಬರೆಯುವನು. ಬಳಿಕ ಮೂಲದೊಡನೆ ಹೋಲಿಸಿ ತನ್ನ ತಪ್ಪುಗಳನ್ನು ತಾನೇ ತಿದ್ದುವನು. ಶಬ್ದಗಳ ಕೊರತೆ ತನಗೆಷ್ಟಿದೆಯೆಂಬುದು ಅವನಿಗೆ ಹೀಗೆ ತಿಳಿಯಿತು. ಈ ಕ್ರಮಕ್ಕೆ ಹಣ ಬೇಡ; ಒಂದು ಪುಸ್ತಕ, ಒಂದು ನೋಟುಬುಕ್ಕು, ದಿನಕ್ಕೆ ಅರ್ಧ ತಾಸು ಸಾಕು.

ಬರೆದುದನ್ನು ಇನ್ನೊಬ್ಬರ ಮುಂದೆ ಓದುವುದೂ ಅಭ್ಯಾಸದ ಒಂದು ಅಂಗ. 1920ರ ದಶಕದಲ್ಲಿ ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ತರುಣರು ತಮ್ಮ ಬರಹಗಳನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. ಗೆಳೆಯನ ಕಿವಿ ಒಪ್ಪದ ಮಾತು ಮತ್ತೆ ತಿದ್ದಲ್ಪಡುವುದು. ಇಂತಹ ಗುಂಪು ಕಟ್ಟಲು ತರಗತಿಯ ಮೂವರು ಮಿತ್ರರು ಸಾಲದೇ?

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನು ಓದನ್ನು ಹಳಿಯಲು ಬಳಸುವವರುಂಟು. ಅದರ ತಾತ್ಪರ್ಯ ಹಾಗಲ್ಲ. ಕಣ್ಣು ಹಾಯಿಸಿದ ಓದು ಕಾಲುಭಾಗ ಮಾತ್ರ. ಯೋಚಿಸಿ, ಬರೆದು, ತಿದ್ದಿದಾಗ ಉಳಿದ ಮುಕ್ಕಾಲು ಕೂಡುತ್ತದೆ. ಒಂದು ಸಂಜೆ ಅಜ್ಜನ ಬಳಿ ಕುಳಿತು, ಹೊಲವನ್ನು ಏಕೆ ಅಷ್ಟು ಸಲ ಹರಗುವರೆಂದು ಕೇಳಿ, ಅವನ ಮಾತಿನಲ್ಲಿಯೇ ಹತ್ತು ವಾಕ್ಯ ಬರೆದ ಹುಡುಗಿ ಯಾವ ಪುಸ್ತಕದಿಂದಲೂ ನಕಲು ಮಾಡಲಾಗದ ಪ್ರಬಂಧವನ್ನು ಬರೆದಿರುತ್ತಾಳೆ. ಮೊದಲ ಸಲ ಅದು ಒರಟಾಗಿರಬಹುದು. ಹೊಲವೂ ಒಂದೇ ಹರಗಿಗೆ ಹದವಾಗುವುದಿಲ್ಲ.